ವಿಳಂಬದ ಬೆಲೆ

ನ್ಯಾಯಾಲಯದ ಮೆಟ್ಟಿಲೇರಿದವರನ್ನು ಕುರಿತು ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯುಂಟು. ಗೆದ್ದವನಾದರೂ ಸೋಲುವುದೇಕೆ? ತೀರ್ಪು ಕೈಗೆ ಬರುವಷ್ಟರಲ್ಲಿ ಅವನ ಹಣವೂ ಆಯುಷ್ಯವೂ ವಾಯಿದೆಗಳಲ್ಲಿಯೇ ಸವೆದುಹೋಗಿರುತ್ತವೆ. ತನ್ನ ವಾದದಲ್ಲಿ ಹುರುಳಿಲ್ಲವೆಂದು ಬಲ್ಲ ಪ್ರತಿವಾದಿಗೆ ಕಾಲವೇ ಆಯುಧ. ಇಂದು ವಕೀಲರಿಗೆ ಅನಾರೋಗ್ಯ, ನಾಳೆ ಸಾಕ್ಷಿ ಊರಲ್ಲಿಲ್ಲ, ಮುಂದಿನ ತಿಂಗಳು ದಾಖಲೆ ಸಿದ್ಧವಿಲ್ಲ. ಅಷ್ಟು ದಿನವೂ ಪರರ ಸ್ವತ್ತು ಅವನ ವಶದಲ್ಲಿಯೇ ಉಳಿಯುತ್ತದೆ. ಹೀಗೆ ಅನ್ಯರ ಕಾಲವನ್ನು ಕಬಳಿಸುವುದಕ್ಕೆ ಕಾನೂನು ಕಟ್ಟಿದ ಬೆಲೆ ಎಷ್ಟೆಂಬುದರ ಚರಿತ್ರೆ ವಿಚಾರಾರ್ಹವಾಗಿದೆ.

ಗೆದ್ದ ವಾದಿಗೆ ವೆಚ್ಚ ಕೊಡಿಸುವ ಪದ್ಧತಿ ಇಂಗ್ಲೆಂಡಿನಲ್ಲಿ 1278ರ ಗ್ಲೌಸ್ಟರ್ ಶಾಸನದಷ್ಟು ಹಳೆಯದು. ಆ ಸಂಪ್ರದಾಯವೇ ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಮಿನಲ್ಲಿ ನೆಲೆಗೊಂಡಿತು. ವೆಚ್ಚದ ನಿರ್ಣಯ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದರೆ ಸೋತವನಿಂದ ಕೊಡಿಸದಿದ್ದರೆ ಅದಕ್ಕೆ ಕಾರಣವನ್ನು ಬರೆದಿಡಬೇಕು. 1922ರಲ್ಲಿ ಸೇರಿದ 35ಎ ಕಲಮು, ಸುಳ್ಳು ಅಥವಾ ಪೀಡಕ ವಾದ ಹೂಡಿದವನಿಂದ ಪರಿಹಾರರೂಪದ ವೆಚ್ಚ ಕೊಡಿಸಲು ಅವಕಾಶ ನೀಡಿತು. ಅದರ ಗರಿಷ್ಠ ಮಿತಿ 1,000 ರೂಪಾಯಿ. 1976ರ ತಿದ್ದುಪಡಿ ಅದನ್ನು 3,000ಕ್ಕೆ ಏರಿಸಿತು.

ವಿಳಂಬವನ್ನೇ ಹೆಸರಿಸಿ ದಂಡಿಸಿದ್ದು ಅದೇ ತಿದ್ದುಪಡಿಯ ಮೂಲಕ ಬಂದ 35ಬಿ ಕಲಮು. ಗೊತ್ತಾದ ದಿನ ಮಾಡಬೇಕಾದುದನ್ನು ಮಾಡದೆ ವಾಯಿದೆ ಕೇಳಿದ ಪಕ್ಷವು, ಎದುರಾಳಿಯು ಅಂದು ನ್ಯಾಯಾಲಯಕ್ಕೆ ಬಂದುಹೋದ ಖರ್ಚನ್ನು ತುಂಬಿಕೊಡಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಮುಂದಿನ ವಾಯಿದೆಯ ದಿನ ಆ ಹಣ ಸಲ್ಲದಿದ್ದರೆ ವಾದಿಯು ದಾವೆಯನ್ನಾಗಲಿ, ಪ್ರತಿವಾದಿಯು ತನ್ನ ರಕ್ಷಣೆಯನ್ನಾಗಲಿ ಮುಂದುವರಿಸುವಂತಿಲ್ಲ. 2002ರ ಜುಲೈನಲ್ಲಿ ಜಾರಿಗೆ ಬಂದ ಬದಲಾವಣೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಇಲ್ಲ, ಕೊಡುವ ವಾಯಿದೆಗೂ ಅದರಿಂದಾದ ಖರ್ಚನ್ನು, ಉಚಿತವೆನಿಸಿದರೆ ಅದಕ್ಕೂ ಅಧಿಕವಾದ ವೆಚ್ಚವನ್ನು ವಿಧಿಸಲೇಬೇಕು. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ಪಕ್ಷದ ಕೈಮೀರಿದ ಸಂಕಟವಿದ್ದಾಗ ಮಾತ್ರ ವಿನಾಯಿತಿ. ಮೊದಲನೆಯ ವಾಯಿದೆಯೂ ಯಾರ ಹಕ್ಕೂ ಅಲ್ಲವೆಂದು ಹೇಳಿತು.

ಬರಹದಲ್ಲಿ ಇಷ್ಟು ಬಿಗಿಯಿದ್ದರೂ ವ್ಯವಹಾರದಲ್ಲಿ ಏನಾಯಿತು? ದೆಹಲಿಯ ಒಂದು ಧರ್ಮಾರ್ಥ ನ್ಯಾಸದ ವ್ಯಾಜ್ಯ ಇದಕ್ಕೆ ಉತ್ತರ ಕೊಡುತ್ತದೆ. ಸ್ವತ್ತಿನ ಸ್ವಾಧೀನದ ಮೇಲಣ ಆ ವಿವಾದದಲ್ಲಿ, ವಕೀಲರಿಗೆ ತೆತ್ತ ನಿಜವಾದ ಶುಲ್ಕವನ್ನು ಲೆಕ್ಕ ಹಾಕಿದ ಅಲ್ಲಿನ ಉಚ್ಚ ನ್ಯಾಯಾಲಯ ನ್ಯಾಸಕ್ಕೆ 45,28,000 ರೂಪಾಯಿ ವೆಚ್ಚ ಕೊಡಿಸಿತು. 2011ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ನಿಯಮಾನುಸಾರದ ವೆಚ್ಚದೊಡನೆ 3,000 ರೂಪಾಯಿ ಮಾತ್ರ ಉಳಿಸಿತು. ತೀರ್ಪಿತ್ತವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅವರಿಗೆ ಕಾಲಹರಣದ ಮೇಲೆ ಕನಿಕರವಿತ್ತೆಂದಲ್ಲ. ಅತ್ಯಲ್ಪ ವೆಚ್ಚದಿಂದ ಹುರುಳಿಲ್ಲದ ವ್ಯಾಜ್ಯಗಳಿಗೆ ತಡೆಯಿಲ್ಲವೆಂದು ಹಿಂದಿನ ತೀರ್ಪುಗಳಲ್ಲಿ ಖಾರವಾಗಿ ಬರೆದವರೇ ಅವರು. ಆದರೆ ಕಾಯಿದೆ ಹಾಕಿದ ಮಿತಿಯನ್ನು ನ್ಯಾಯಾಲಯವೇ ದಾಟಲಾಗದು. ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಬೇಕೆಂದು ಸೂಚಿಸಿ ಅವರು ನಿಂತರು. ನ್ಯಾಯಾಧೀಶರ ಈ ಸಂಯಮ ಗೌರವಾರ್ಹವೇ. ನ್ಯಾಸದ ನಷ್ಟ ಮಾತ್ರ ನ್ಯಾಸಕ್ಕೇ ಉಳಿಯಿತು.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ವಾಣಿಜ್ಯ ವಿವಾದಗಳ ಮಟ್ಟಿಗೆ 3,000ದ ಮಿತಿಯನ್ನು ಕಿತ್ತುಹಾಕಿತು. ಪಕ್ಷಗಳ ನಡತೆಯನ್ನೂ, ಯೋಗ್ಯವಾದ ರಾಜಿಯನ್ನು ಅಕಾರಣವಾಗಿ ತಳ್ಳಿದರೇ ಎಂಬುದನ್ನೂ ನೋಡಿ ವೆಚ್ಚ ನಿರ್ಧರಿಸಬಹುದಾಯಿತು. ವ್ಯಾಪಾರಕ್ಕಾಗಿಯೇ ಬಳಸುವ ಕಟ್ಟಡದ ಕರಾರುಗಳೂ ಇದರಲ್ಲಿ ಸೇರುವುದರಿಂದ, ಬಸದಿಯ ಮಳಿಗೆ ಬಿಡದ ಬಾಡಿಗೆದಾರನಿಗೂ ಇದು ಅನ್ವಯಿಸಬಹುದು. 2018ರಿಂದ ವಿವಾದದ ಮೌಲ್ಯ ಕನಿಷ್ಠ 3 ಲಕ್ಷ ರೂಪಾಯಿ ಇರಬೇಕು, ಅಷ್ಟೆ. ಅಣ್ಣತಮ್ಮಂದಿರ ಪಾಲಿನ ದಾವೆಗೆ ಹಳೆಯ ಮಿತಿಯೇ.

ಇನ್ನು, ವಿಳಂಬಿಸುವವನು ಯಾವಾಗಲೂ ಎದುರಾಳಿಯೇ ಆಗಿರಬೇಕೆಂದಿಲ್ಲ. ಠರಾವು ಆಗಿಲ್ಲ, ಕಾರ್ಯದರ್ಶಿ ಪ್ರವಾಸದಲ್ಲಿದ್ದಾರೆ ಎಂದು ವಾಯಿದೆ ಕೇಳುವ ಟ್ರಸ್ಟುಗಳೂ ಇವೆ. ಅಂಥಲ್ಲಿ ನ್ಯಾಯಾಲಯ ವಿಧಿಸುವ ವೆಚ್ಚವನ್ನು ಸಾಮಾನ್ಯವಾಗಿ ಕಟ್ಟುವುದು ತಡಮಾಡಿದ ಪದಾಧಿಕಾರಿಯ ಜೇಬಿನಿಂದಲ್ಲ, ಕಾಣಿಕೆಯ ಹಣದಿಂದ.