ಒಳಾಂಗಣ ಅಲಂಕಾರಿಕ ಗಿಡಗಳ ಪಾಲನೆ ಹಾಗೂ ಮುನ್ನೆಚ್ಚರಿಕೆ ಕ್ರಮಗಳು

ಪೀಠಿಕೆ

ಕೈತೋಟಕ್ಕೆ ಸ್ಥಳಾವಕಾಶವಿಲ್ಲದ ಕುಟುಂಬಗಳು ಮನೆಯೊಳಗೆ ಕುಂಡಗಳಲ್ಲಿ ಗಿಡಗಳನ್ನು ಬೆಳೆಸುವುದು ಸಾಮಾನ್ಯವಾಗಿದೆ. ಇಂತಹ ಅನೇಕ ಗಿಡಗಳು ನೀರಿನ ಕೊರತೆಗಿಂತ ಅತಿಯಾದ ನೀರಿನಿಂದಲೇ ಹಾಳಾಗುತ್ತವೆ. ಹೀಗೆ ನಿಂತ ನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗಳ ಉತ್ಪತ್ತಿಗೂ ಕಾರಣವಾಗುವುದರಿಂದ, ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಸೂಕ್ತ ಗಿಡಗಳು

ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಸ್ಪೈಡರ್ ಪ್ಲಾಂಟ್ ಮತ್ತು ಅರೆಕಾ ಪಾಮ್ ಮನೆಯೊಳಗಿನ ವಾತಾವರಣಕ್ಕೆ ಹೊಂದಿಕೊಳ್ಳುತ್ತವೆ. ಇವುಗಳನ್ನು ಬೆಳಕು ಬರುವ ಕಿಟಕಿಯ ಸಮೀಪದಲ್ಲಿ, ಮಧ್ಯಾಹ್ನದ ನೇರ ಬಿಸಿಲು ತಾಗದಂತೆ ಇರಿಸತಕ್ಕದ್ದು.

2. ಕುಂಡ ಮತ್ತು ಮಣ್ಣು

ಕೆಂಪು ಮಣ್ಣು, ಮರಳು ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮ ಪ್ರಮಾಣದಲ್ಲಿ ಬೆರೆಸಿ ಬಳಸಬಹುದು. ಕುಂಡದ ತಳದಲ್ಲಿ ನೀರು ಬಸಿಯಲು ರಂಧ್ರವಿರುವುದು ಕಡ್ಡಾಯ.

3. ನೀರು ನೀಡುವ ಕ್ರಮ

ದಿನ ನಿಗದಿಪಡಿಸಿ ನೀರುಣಿಸುವುದು ಸರಿಯಲ್ಲ. ಬೆರಳನ್ನು ಮಣ್ಣಿನಲ್ಲಿ ಒಂದು ಅಂಗುಲ ಇಳಿಸಿ ನೋಡಿ, ಒಣಗಿದ್ದಲ್ಲಿ ಮಾತ್ರ ನೀರು ಹಾಕುವುದು. ಸ್ನೇಕ್ ಪ್ಲಾಂಟ್ ತನ್ನ ದಪ್ಪ ಎಲೆಗಳಲ್ಲಿ ನೀರನ್ನು ಸಂಗ್ರಹಿಸಿಕೊಳ್ಳುವುದರಿಂದ, ಅದರ ಮಣ್ಣು ಪೂರ್ಣವಾಗಿ ಒಣಗಿದ ನಂತರವಷ್ಟೇ ನೀರು ಸಾಕು. ಮಣ್ಣು ಹಸಿಯಾಗಿದ್ದರೂ ಎಲೆಗಳು ಹಳದಿಯಾಗಿ ಬಾಡಿದಲ್ಲಿ ಬೇರು ಕೊಳೆಯುತ್ತಿರುವ ಸಂಭವವಿರುತ್ತದೆ. ಬಾಡಿದೆ ಎಂದು ಮತ್ತಷ್ಟು ನೀರು ಹಾಕಿದರೆ ಗಿಡ ಸಾಯುತ್ತದೆ.

4. ಸೊಳ್ಳೆ ನಿಯಂತ್ರಣ

ಈಡಿಸ್ ಸೊಳ್ಳೆಯು ಕುಂಡದ ಕೆಳಗಿನ ತಟ್ಟೆ ಹಾಗೂ ಮನಿ ಪ್ಲಾಂಟ್ ಇರಿಸಿದ ಬಾಟಲಿಯ ತಿಳಿನೀರಿನಲ್ಲಿಯೂ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7 ರಿಂದ 10 ದಿನಗಳು ಸಾಕು. ಪಾತ್ರೆಯ ಒಳಬದಿಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುವುದರಿಂದ, ವಾರಕ್ಕೊಮ್ಮೆಯಾದರೂ ನೀರನ್ನು ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯತಕ್ಕದ್ದು. ರಾಜ್ಯ ಸರ್ಕಾರವು 2024 ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

5. ಮಕ್ಕಳಿರುವ ಮನೆಗಳಿಗೆ ಸೂಚನೆ

ಡಿಫನ್‌ಬೇಕಿಯಾ ಗಿಡದ ಎಲೆ ಮತ್ತು ಕಾಂಡದಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಕೆಸುವಿನ ಎಲೆಯ ತುರಿಕೆಗೂ ಇವೇ ಕಾರಣ. ಅಗಿದಲ್ಲಿ ಬಾಯಿ ಉರಿದು, ನಾಲಿಗೆ ಊದಿಕೊಳ್ಳುತ್ತದೆ. ಮನಿ ಪ್ಲಾಂಟ್‌ನಲ್ಲಿಯೂ ಈ ಹರಳುಗಳಿವೆ. ಆದ್ದರಿಂದ ಇವೆರಡನ್ನೂ ಮಕ್ಕಳು ಹಾಗೂ ಸಾಕುಪ್ರಾಣಿಗಳಿಗೆ ಎಟುಕದಂತೆ ಇಡುವುದು. ಮಗು ಅಗಿದಿದ್ದಲ್ಲಿ ಬಾಯಿಯನ್ನು ನೀರಿನಿಂದ ಶುಚಿಗೊಳಿಸಿ, ವಾಂತಿ ಮಾಡಿಸದೆ, ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಚಿಕ್ಕ ಮಕ್ಕಳಿರುವ ಮನೆಗಳಿಗೆ ಸ್ಪೈಡರ್ ಪ್ಲಾಂಟ್ ಹಾಗೂ ಅರೆಕಾ ಪಾಮ್ ಉತ್ತಮ ಆಯ್ಕೆ.

6. ಕೀಟ ಬಾಧೆ

ಎಲೆಗಳ ಕಂಕುಳಲ್ಲಿ ಬಿಳಿ ಹತ್ತಿಯಂತೆ ಕಾಣುವುದು ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸುವುದು.

ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ರೋಗ ಅಥವಾ ಕೀಟ ಬಾಧೆಯ ಬಗ್ಗೆ ವಿಚಾರಿಸುವವರು ಬಾಧಿತ ಎಲೆಯನ್ನು ಜೊತೆಯಲ್ಲಿ ತಂದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.