ಕೊಳ್ಳೇಗಾಲ ಸೀಮೆಯ ಚೀಸ್ ಅಡುಗೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ತಾಲ್ಲೂಕುಗಳಲ್ಲಿ ಹಾಲನ್ನೋ ಮಜ್ಜಿಗೆಯನ್ನೋ ಒಡೆಸಿ ಗಟ್ಟಿ ಮಾಡಿ, ಬಿಸಿ ಸಾರಿನಲ್ಲಿ ಕರಗಿಸಿ ಅಥವಾ ನೆನೆಸಿ ಉಣ್ಣುವ ಪದ್ಧತಿಯ ಚರಿತ್ರೆ ಈ ಲೇಖನದ ವಿಷಯ. ಈ ಪದ್ಧತಿಯ ಮುಖ್ಯ ನೆಲೆ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1974ರಲ್ಲಿ ಸ್ಥಾಪನೆಯಾದ ಧೊಂಡೆನ್‌ಲಿಂಗ್ ಟಿಬೆಟನ್ ವಸತಿ. ಸುತ್ತಲ ಜನರ ಬಾಯಲ್ಲಿ ಅದು ಟಿಬೆಟಿಯನ್ ಕ್ಯಾಂಪ್. ಚಳಿನಾಡಿನ ಬೆಣ್ಣೆ ಚಹಾ, ಒಣ ಚೀಸ್ ಮತ್ತು ಚೀಸ್ ಸಾರು ಮಲೆ ಮಹದೇಶ್ವರ ಬೆಟ್ಟ ಹಾಗೂ ಬಿಳಿಗಿರಿರಂಗನ ಬೆಟ್ಟಗಳ ನಡುವಿನ ಜೋಳದ ಹೊಲಗಳಿಗೆ ಬಂದು ನೆಲೆಸಿದ್ದು ಈ ವಸತಿಯಿಂದಾಗಿ. ಈ ವಿಷಯದ ಬರಹಗಳಲ್ಲಿ ಮೂರು ಗೊಂದಲಗಳು ಮತ್ತೆ ಮತ್ತೆ ಕಾಣುತ್ತವೆ: ವಸತಿ ಇರುವುದು ಎಲ್ಲಿ, ಈ ಸೀಮೆಗೆ ಒಡೆದ ಹಾಲಿನ ಅಡುಗೆ ಹೊಸದೇ, ಟಿಬೆಟನ್ ಚೀಸ್ ಸಾರನ್ನು ವೈನಿನಲ್ಲಿ ಚೀಸ್ ಕರಗಿಸಿ ಮಾಡುವ ಸ್ವಿಸ್ ಫಾಂಡ್ಯೂವಿನ ಜೊತೆ ಇಡಬಹುದೇ. ಅವನ್ನು ಬಿಡಿಸುವುದು ಇಲ್ಲಿನ ಮುಖ್ಯ ಕೆಲಸ.

ಸ್ಥಳದ ಗೊಂದಲ

ಆಡಳಿತದ ಗಡಿಗಳು ಪದೇ ಪದೇ ಬದಲಾದದ್ದು ಮೊದಲ ಗೊಂದಲಕ್ಕೆ ಕಾರಣ. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಊರು. ಹೀಗಾಗಿ 19ನೇ ಶತಮಾನದ ಕೊಳ್ಳೇಗಾಲವನ್ನು ಮೈಸೂರಿನ ಗೆಜೆಟಿಯರುಗಳಲ್ಲಿ ಹುಡುಕಿದವರಿಗೆ ಹೆಚ್ಚೇನೂ ಸಿಗುವುದಿಲ್ಲ. ಎಫ್.ಎ. ನಿಕೋಲ್ಸನ್ 1887ರಲ್ಲಿ ಸಂಕಲಿಸಿದ ಕೊಯಮತ್ತೂರು ಜಿಲ್ಲಾ ಕೈಪಿಡಿಯನ್ನು ನೋಡಬೇಕು.

ಟಿಬೆಟನ್ನರು ಬಂದಾಗ ಒಡೆಯರಪಾಳ್ಯ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಆ ಜಿಲ್ಲೆಗೆ ಬಂತು. 2018ರಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾದ ಮೇಲೆ ಹನೂರಿಗೆ ಸೇರಿತು. ಟಿಬೆಟನ್ ಆಡಳಿತದ ಬರಹಗಳು ಇಂದಿಗೂ ಇದನ್ನು 'ಕೊಳ್ಳೇಗಾಲ ವಸತಿ' ಎಂದೇ ಕರೆಯುತ್ತವೆ. ಆ ಹೆಸರನ್ನು ನಂಬಿ ಕೊಳ್ಳೇಗಾಲ ಪೇಟೆಯಲ್ಲಿ ವಸತಿಯನ್ನು ಹುಡುಕಬಾರದು. ಪೇಟೆಯಿಂದ ಲೊಕ್ಕನಹಳ್ಳಿಯ ಮೇಲೆ ಹೋಗಿ, ಬೈಲೂರು ದಾಟಿ ತಮಿಳುನಾಡಿನ ಹಾಸನೂರಿನ ಕಡೆಗೆ ಸಾಗುವ ಕಾಡುದಾರಿಯಲ್ಲಿ ಅದು ಸಿಗುತ್ತದೆ.

1974ಕ್ಕೆ ಮುಂಚಿನ ಹೈನು

ಈ ಸೀಮೆಯಲ್ಲಿ ದನಕ್ಕೆ ಎಂದೂ ಕೊರತೆ ಇರಲಿಲ್ಲ. ಹನೂರಿನ ಸುತ್ತ 'ದೊಡ್ಡಿ' ಎಂದು ಕೊನೆಯಾಗುವ ಊರ ಹೆಸರುಗಳು ಸಾಲುಗಟ್ಟಿ ಸಿಗುತ್ತವೆ. ಕಾಡಂಚಿನಲ್ಲಿ ದನ ಕೂಡುತ್ತಿದ್ದ ಜಾಗಗಳ ನೆನಪು ಅದು. ಕಾವೇರಿ ದಂಡೆಯ ಆಲಂಬಾಡಿ ತಳಿ ಮತ್ತು ಗಡಿಯಾಚೆಯ ಬರಗೂರು ಬೆಟ್ಟದ ಕನ್ನಡ ಮಾತಾಡುವ ಲಿಂಗಾಯತರು ಸಾಕಿಕೊಂಡು ಬಂದ ಬರಗೂರು ತಳಿ ಇಲ್ಲಿಯವೇ. ಎರಡೂ ಗೇಯುವ, ಗಾಡಿ ಎಳೆಯುವ ತಳಿಗಳು. ಕೆಚ್ಚಲಲ್ಲಿ ಹಾಲು ಕಡಿಮೆ, ಕರು ಕುಡಿದು ಉಳಿದದ್ದಷ್ಟೇ ಮನೆಗೆ. ಒಂದು ಕಿಲೋ ಗಟ್ಟಿ ಚೀಸಿಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಇಂಥ ಕಡೆ ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗಿ ಸಂತೆಗೆ ಹೋಗುವುದೇ ಸಹಜ. ಚೀಸ್ ಬೆಳೆಯದಿರಲು ಮಡಿ ಮೈಲಿಗೆಯ ಕಾರಣ ಹೇಳುವವರು ಈ ಲೆಕ್ಕವನ್ನು ಮೊದಲು ನೋಡಬೇಕು.

ಮಡಿಯ ವಾದಕ್ಕೆ ಹೆಚ್ಚು ಬಲ ಕೊಟ್ಟವರು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ. ಅವರು ಹುಟ್ಟಿದ್ದು 1923ರಲ್ಲಿ, ಕೊಳ್ಳೇಗಾಲದಲ್ಲೇ. ಹಾಲು ಒಡೆಸುವುದು ಆರ್ಯ ಸಂಪ್ರದಾಯದಲ್ಲಿ ನಿಷಿದ್ಧವಾಗಿತ್ತು, ಬಂಗಾಳದಲ್ಲಿ ಪೋರ್ಚುಗೀಸರ ಸಹವಾಸದಿಂದ ಆ ಕಟ್ಟು ಸಡಿಲವಾಯಿತು ಎಂಬ ಅವರ ನಿಲುವು ಬಹಳ ಕಾಲ ಪ್ರಶ್ನೆಯಿಲ್ಲದೆ ನಡೆಯಿತು. ಆದರೆ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಕ್ಷೀರಪ್ರಕಾರ ಎಂಬ ತಿಂಡಿ ಇದೆ. ಕಾದ ಹಾಲಿಗೆ ಹುಳಿ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿ ಹಿಟ್ಟು ಸೇರಿಸಿ ಉಂಡೆ ಕಟ್ಟಿ ಕರಿದು ಸಕ್ಕರೆಯಲ್ಲಿ ಹಾಕುವ ಕ್ರಮ. ಅಚ್ಚಯ್ಯನವರೂ ಈ ತಿಂಡಿಯನ್ನು ಗುರುತಿಸಿದ್ದಾರೆ. ಪೋರ್ಚುಗೀಸರು ಭಾರತಕ್ಕೆ ಬರುವ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ ಕನ್ನಡದ ಅರಮನೆಯೊಂದರಲ್ಲಿ ಹಾಲು ಒಡೆಸುವುದು ಮರ್ಯಾದೆಯ ಕೆಲಸವಾಗಿತ್ತು ಎಂದ ಮೇಲೆ, ನಿಷೇಧವು ಎಲ್ಲ ಕಡೆ, ಎಲ್ಲರಿಗೂ ಇತ್ತೆಂದು ಹೇಳುವುದು ಕಷ್ಟ. ಹಾಗೆಂದು ಅರಮನೆಯ ತಿಂಡಿಯನ್ನು ದೊಡ್ಡಿಯ ದನಗಾಹಿಯ ಊಟವೆಂದು ಎಣಿಸಲೂ ಆಗದು.

ಊರ ಮನೆಗಳಲ್ಲಿ ಚೀಸಿಗೆ ಹತ್ತಿರದ್ದು ಗಿಣ್ಣು ಒಂದೇ. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ಅದು ಹುಳಿಯಿಂದಾಗಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದಾಗಲಿ ಗಟ್ಟಿಯಾಗುವುದಲ್ಲ. ಗಿಣ್ಣು ಹಾಲಿನಲ್ಲಿ ತುಂಬಿರುವ ರೋಗನಿರೋಧಕ ಪ್ರೋಟೀನುಗಳು ಬಿಸಿಗೆ ತಾವೇ ಹೆಪ್ಪುಗಟ್ಟುತ್ತವೆ. ಗಿಣ್ಣನ್ನು ಕರ್ನಾಟಕದ ಚೀಸ್ ಎಂದು ಕರೆಯುವುದು ರೂಢಿಗೆ ಬರುತ್ತಿದ್ದರೂ ಎರಡರ ಹುಟ್ಟೂ ಬೇರೆ.

ಧೊಂಡೆನ್‌ಲಿಂಗ್

1959ರ ಟಿಬೆಟನ್ನರ ವಲಸೆ, ಹಿಮಾಲಯದ ರಸ್ತೆ ಕೆಲಸಗಳ ಕಷ್ಟದ ದಿನಗಳು, ಬೈಲಕುಪ್ಪೆಯಲ್ಲಿ ಸಿಕ್ಕ ಜಮೀನು, ಇವೆಲ್ಲ ಬೇರೆಡೆ ವಿವರವಾಗಿ ದಾಖಲಾಗಿವೆ. ಬೈಲಕುಪ್ಪೆಯ ಎರಡು ವಸತಿ, ಮುಂಡಗೋಡು, ಹುಣಸೂರಿನ ಗುರುಪುರ ಆದ ಮೇಲೆ ಕರ್ನಾಟಕದಲ್ಲಿ ಕೊನೆಯದಾಗಿ ಆದದ್ದು ಧೊಂಡೆನ್‌ಲಿಂಗ್. ಸುಮಾರು 3,000 ಎಕರೆಯ ಕಾಡುಭೂಮಿ, 22 ಹಳ್ಳಿಗಳು. ಟಿಬೆಟನ್ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ್ದ ಮೈರಾಡ ಸಂಸ್ಥೆ ವಸತಿಗಳ ಕೃಷಿ, ಹೈನುಗಾರಿಕೆಗೆ ಕೈಜೋಡಿಸಿತು. ಅದೇ ಸಂಸ್ಥೆ ಮುಂದೆ ಸುತ್ತಲ ಹಳ್ಳಿಗಳಲ್ಲೇ ಉಳಿದು, 1980ರ ದಶಕದಲ್ಲಿ ಹುತ್ತೂರಿನ ಯೋಜನೆಯ ಮೂಲಕ ಸ್ವಸಹಾಯ ಸಂಘಗಳನ್ನು ಕಟ್ಟಿತು. ವಸತಿಯ ಜೋಗ್ಚೆನ್ ಮಠವನ್ನು 1992ರಲ್ಲಿ ದಲೈ ಲಾಮಾ ಉದ್ಘಾಟಿಸಿದರು.

ಅಡುಗೆಯ ದೃಷ್ಟಿಯಿಂದ ಇಲ್ಲಿನ ದೊಡ್ಡ ತಿರುವು ಹಾಲಿನದು. ಟಿಬೆಟಿನಲ್ಲಿ ಬೆಣ್ಣೆ, ಚೀಸ್ ಬರುತ್ತಿದ್ದುದು ಯಾಕ್‌ನ ಹೆಣ್ಣಾದ 'ಡ್ರಿ'ಯಿಂದ. ಅದರ ಹಾಲಿನಲ್ಲಿ ಕೊಬ್ಬು ನಮ್ಮ ಹಸುವಿನ ಹಾಲಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಆ ಪ್ರಾಣಿ ದಕ್ಷಿಣದ ಬಿಸಿಲಿನಲ್ಲಿ ಬದುಕದು. ಬಾರ್ಲಿಯ ಜಾಗವನ್ನು ಮುಸುಕಿನ ಜೋಳ, ರಾಗಿ ಹಿಡಿದ ಹಾಗೆ ಡ್ರಿಯ ಜಾಗವನ್ನು ಮಿಶ್ರತಳಿ ಹಸು ಹಿಡಿಯಿತು. ವಸತಿ ಶುರುವಾದ 1974ರಲ್ಲೇ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ಹೈನುಗಾರಿಕೆ ಯೋಜನೆಯೂ ಶುರುವಾಯಿತು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಲವಾಯಿತು. ಗೇಯುವ ದನದ ಸೀಮೆ ಹಾಲು ಕರೆಯುವ ಸೀಮೆಯಾಗಿ ಬದಲಾದದ್ದು ಟಿಬೆಟನ್ನರು ಇಲ್ಲಿ ಬೇರು ಬಿಟ್ಟ ಕಾಲದಲ್ಲೇ. ಈ ಎರಡನ್ನೂ ಒಟ್ಟಿಗೆ ನೋಡದೆ ಬರೆದ ವಿವರಣೆಗಳು ವಸತಿಯನ್ನು ಸುತ್ತಲ ಊರುಗಳಿಗೆ ಸಂಬಂಧವಿಲ್ಲದ ದ್ವೀಪವೆಂಬಂತೆ ತೋರಿಸುತ್ತವೆ. ಯಳಂದೂರಿನ ಪಾಲು ಈ ಚರಿತ್ರೆಯಲ್ಲಿ ಹಾಲಿನಷ್ಟೇ: ಅಲ್ಲಿನ ಹಳ್ಳಿಗಳು ಡೈರಿಗೆ ಹಾಲು ಹಾಕಿದವು, ಚೀಸ್ ಮಾಡಲಿಲ್ಲ.

ಮಜ್ಜಿಗೆಯಿಂದ ಚುರುವಿನವರೆಗೆ

ಕನ್ನಡದ ಅಡುಗೆಮನೆಯೂ ಟಿಬೆಟನ್ ಅಡುಗೆಮನೆಯೂ ಮಜ್ಜಿಗೆಯವರೆಗೆ ಒಂದೇ ದಾರಿಯಲ್ಲಿ ನಡೆಯುತ್ತವೆ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆಯುವುದು ಎರಡೂ ಕಡೆ ಇದೆ. ಆಮೇಲೆ ದಾರಿ ಬೇರೆಯಾಗುತ್ತದೆ. ಇಲ್ಲಿಯವರು ಮಜ್ಜಿಗೆಗೆ ಉಪ್ಪು, ಕರಿಬೇವು ಹಾಕಿ ಕುಡಿದರೆ, ಟಿಬೆಟನ್ ಮನೆಯಲ್ಲಿ ಮಜ್ಜಿಗೆಯನ್ನು ಒಲೆಗೇರಿಸುತ್ತಾರೆ. ಸಣ್ಣ ಉರಿಯಲ್ಲಿ ಕಾದಂತೆ ಬಿಳಿ ಹರಳು ಮೇಲೇಳುತ್ತದೆ, ತಿಳಿಹಸಿರು ನೀರು ಕೆಳಗುಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೆ ಹಸಿ ಚೀಸ್, 'ಚುರಾ ಲೋನ್ಪಾ'. ಅದನ್ನು ಪುಡಿಯಾಗಿಯೋ ತುಂಡಾಗಿಯೋ ಬಿಸಿಲಿಗೆ ಒಣಗಿಸಿದರೆ 'ಚುರಾ ಕಂಪೊ', ಹಲ್ಲಿಗೂ ಸವಾಲಾಗುವಷ್ಟು ಗಟ್ಟಿ. ನೇಪಾಳ, ಸಿಕ್ಕಿಂಗಳಲ್ಲಿ ಇದರ ಬಳಗದವನ್ನು ಛುರ್ಪಿ ಎನ್ನುತ್ತಾರೆ. ಮಜ್ಜಿಗೆಯ ಹುಳಿಯೇ ಇಲ್ಲಿ ಹಾಲನ್ನು ಕೂಡಿಸುವುದರಿಂದ ರೆನೆಟ್ ಬೇಕಿಲ್ಲ. ಮಾಂಸ ಮುಟ್ಟದ, ಮಲೆ ಮಹದೇಶ್ವರನ (ಮಾದಪ್ಪನ) ಭಕ್ತರ ಮನೆಗೂ ಇದರಲ್ಲಿ ಅಡ್ಡಿಯಿಲ್ಲ.

ಒಣ ಚೀಸಿನ ಪುಡಿಯನ್ನು ಬೆಣ್ಣೆ, ಬೆಲ್ಲದೊಂದಿಗೆ ಮಿದ್ದು ಒತ್ತಿದ 'ಥೂ' ಹಬ್ಬದ ಸಿಹಿ. ಟಿಬೆಟನ್ ಪಂಚಾಂಗದ ಹನ್ನೆರಡನೇ ತಿಂಗಳ 29ರ ರಾತ್ರಿ, ಹೊಸ ವರ್ಷ ಲೋಸಾರ್‌ಗೆ ಮುಂಚೆ, ಒಂಬತ್ತು ಪದಾರ್ಥಗಳ 'ಗುತುಕ್' ಸಾರಿನಲ್ಲೂ ಒಣ ಚೀಸ್ ಇರುತ್ತದೆ. ಆ ಸಾರಿನಲ್ಲಿ ಹಿಟ್ಟಿನ ದೊಡ್ಡ ಉಂಡೆಗಳು ತೇಲುತ್ತವೆ. ತನ್ನ ಬಟ್ಟಲಿನ ಉಂಡೆ ಒಡೆದಾಗ ಮೆಣಸಿನಕಾಯಿ ಸಿಕ್ಕವರು ಬಾಯಿಬಡುಕರು, ಇದ್ದಿಲು ಸಿಕ್ಕವರು ಕಪ್ಪು ಮನಸ್ಸಿನವರು ಎಂದು ಮನೆಯವರೆಲ್ಲ ನಗುತ್ತಾರೆ. ಬೆಣ್ಣೆ ಚಹಾಕ್ಕೆ ಸೊಪ್ಪನ್ನು ಬಹಳ ಹೊತ್ತು ಕುದಿಸಿ, ಉಪ್ಪು, ಹಾಲು, ಬೆಣ್ಣೆ ಸೇರಿಸಿ 'ದೊಂಗ್ಮೊ' ಎಂಬ ಉದ್ದನೆಯ ಮರದ ಕಡೆಗೋಲು ಕೊಳವೆಯಲ್ಲಿ ಕಡೆಯಬೇಕು. ಆ ಕೊಳವೆಯ ಕೆಲಸವನ್ನು ಈಗ ಬಹಳ ಮನೆಗಳಲ್ಲಿ ಮಿಕ್ಸಿ ಮಾಡುತ್ತದೆ.

ಕರಗುವ ಚೀಸಿನ ಪ್ರಶ್ನೆ ಬರುವುದು 'ಚುರು'ವಿನಲ್ಲಿ. ಹಸಿ ಚೀಸನ್ನು ಮುಚ್ಚಿಟ್ಟು ಹಣ್ಣಾಗಲು ಬಿಟ್ಟರೆ ಬೂಸ್ಟು ಹಿಡಿದು, ಘಾಟು ವಾಸನೆ ಬಂದು, ಒಳಗೆ ಮೆತ್ತಗಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಬೇಕಾದರೆ ಕೊಚ್ಚಿದ ಮಾಂಸ ಹುರಿದು, ನೀರು ಬಿಟ್ಟು, ಚುರು ಹಾಕಿ ಕದಡಿದರೆ ದಪ್ಪ ಸಾರಾಗುತ್ತದೆ. ಇದನ್ನು 'ಟಿಬೆಟನ್ ಫಾಂಡ್ಯೂ' ಎಂದು ಬಣ್ಣಿಸುವ ಪ್ರವಾಸಿ ಬರಹಗಳು ಎರಡು ಬೇರೆ ಬೇರೆ ಕ್ರಿಯೆಗಳನ್ನು ಕಲಸುತ್ತವೆ. ಹುಳಿಯಿಂದ ಒಡೆದ ಹಾಲಿನ ಗಟ್ಟಿ, ಪನೀರಿನಂತೆ, ಬಿಸಿಗೆ ಕರಗುವುದಿಲ್ಲ. ಪ್ರೋಟೀನನ್ನು ಹಿಡಿದಿರುವ ಕ್ಯಾಲ್ಸಿಯಂ ಅನ್ನು ಹುಳಿ ಮೊದಲೇ ಕಿತ್ತುಕೊಂಡಿರುತ್ತದೆ, ಉಳಿದ ಪ್ರೋಟೀನು ಒತ್ತಾಗಿ ಅಂಟಿಕೊಳ್ಳುತ್ತದೆ. ಚುರು ಸಾರಿನಲ್ಲಿ ಬೆರೆಯಲು ಕಾರಣ ಬೂಸ್ಟು: ಅದು ದಿನಗಟ್ಟಲೆ ಪ್ರೋಟೀನನ್ನು ಕಡಿದು, ಹುಳಿಯನ್ನು ತಗ್ಗಿಸಿರುತ್ತದೆ. ಸ್ವಿಸ್ ಫಾಂಡ್ಯೂವಿಗೆ ರೆನೆಟ್‌ನಿಂದ ಮಾಡಿದ, ಕ್ಯಾಲ್ಸಿಯಂ ಉಳಿಸಿಕೊಂಡ ಚೀಸ್ ಬೇಕು. ವೈನಿನ ಹುಳಿ, ಜೋಳದ ಪಿಷ್ಟ ಸೇರಿ ಕೊಬ್ಬು ಬೇರೆಯಾಗದಂತೆ ಹಿಡಿಯುತ್ತವೆ; ಅದು ಎಳೆ ಎಳೆಯಾಗಿ ಬರುವುದು ಉಳಿದ ಕ್ಯಾಲ್ಸಿಯಂನಿಂದ. ಚುರು ಎಳೆ ಬಿಡುವುದಿಲ್ಲ. ಅದನ್ನು ಅದರ ಘಾಟಿಗಾಗಿಯೇ ಮೆಚ್ಚಬೇಕು.

ಫಾಂಡ್ಯೂವಿನ ಪ್ರಾಚೀನತೆಯೂ ಹೇಳುವಷ್ಟು ದೊಡ್ಡದಲ್ಲ. ವೈನಿನಲ್ಲಿ ಚೀಸ್ ಬೇಯಿಸುವ ಕ್ರಮ 1699ರ ಜ್ಯೂರಿಕ್ ಹಸ್ತಪ್ರತಿಯಲ್ಲಿದೆ. ಅದನ್ನು ದೇಶದ ಊಟವಾಗಿಸಿದ್ದು 1930ರ ದಶಕದಲ್ಲಿ ಸ್ವಿಸ್ ಚೀಸ್ ಒಕ್ಕೂಟ ನಡೆಸಿದ ಪ್ರಚಾರ. ಆಲ್ಪ್ಸ್ ಮತ್ತು ಹಿಮಾಲಯಗಳ ನಿಜವಾದ ಭೇಟಿ ಬೇರೆ ಕಡೆ ನಡೆಯಿತು. 1950ರ ದಶಕದಲ್ಲಿ ಸ್ವಿಸ್ ತಜ್ಞ ವೆರ್ನರ್ ಶುಲ್ಟೆಸ್ ನೇಪಾಳದ ಲಾಂಗ್‌ಟಾಂಗ್‌ನಲ್ಲಿ ಡ್ರಿ ಹಾಲಿನಿಂದ ಗಟ್ಟಿ ಚೀಸ್ ಮಾಡುವುದನ್ನು ಆರಂಭಿಸಿದರು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡ್ ಸಾವಿರದಷ್ಟು ಟಿಬೆಟನ್ನರಿಗೆ ಆಶ್ರಯ ಕೊಟ್ಟಿತು, ಅಲ್ಲಿನ ರಿಕಾನ್‌ನಲ್ಲಿ 1968ರಲ್ಲಿ ಮಠವೂ ತೆರೆಯಿತು.

ಬೆಂಗಳೂರಿನ ಕಡೆಗೆ

ಇತ್ತೀಚಿನ ಬದಲಾವಣೆ ವಸತಿಗಿಂತ ಹೆಚ್ಚಾಗಿ ನಗರದಲ್ಲಿ ನಡೆದಿದೆ. ಸುಗ್ಗಿ ಮುಗಿದ ಮೇಲೆ ಊರೂರಿಗೆ ಸ್ವೆಟರ್ ಮಾರಲು ಹೋಗುವುದು ಟಿಬೆಟನ್ ವಸತಿಗಳ ಹಳೆಯ ರೂಢಿ. ಆನೆ, ಕಾಡುಹಂದಿಗಳು ಜೋಳ ತಿನ್ನುವ ಕಾಡಂಚಿನ ಬೇಸಾಯ ಎಲ್ಲರನ್ನೂ ಸಾಕಲಾರದು. ಒಂದು ಕಡೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಇನ್ನೊಂದು ಕಡೆ 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮವಾಯಿತು. ಓದಿದ ಯುವಕ ಯುವತಿಯರು ಬೆಂಗಳೂರಿಗೆ, ಅಲ್ಲಿಂದ ಯುರೋಪ್, ಅಮೆರಿಕಗಳಿಗೆ ಹೊರಡುತ್ತಾರೆ. ಬೆಂಗಳೂರಿನ ಬೀದಿಗಳಲ್ಲಿ ಟಿಬೆಟನ್ನರ ಕಡುಬು ಮೊಮೊ ಈಗ ಪಾನಿಪುರಿಯಷ್ಟೇ ಪರಿಚಿತ.

ಹಾಗೆ ಹರಡಿದ ಚೀಸ್ ಮೊಮೊದೊಳಗೆ ಇರುವುದು ಚುರಾ ಅಲ್ಲ, ಅಂಗಡಿಯಲ್ಲಿ ಸಿಗುವ ಸಂಸ್ಕರಿತ ಚೀಸ್. ಅದರ ಹುಟ್ಟು ಸ್ವಿಟ್ಜರ್ಲೆಂಡಿನದು. ಬಿಸಿನಾಡುಗಳಿಗೆ ಕಳಿಸಿದರೂ ಕೆಡದ ಚೀಸ್ ಬೇಕೆಂದು 1911ರಲ್ಲಿ ಥೂನ್ ಪಟ್ಟಣದಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಮೆಂಟಾಲ್ ಚೀಸನ್ನು ಸೋಡಿಯಂ ಸಿಟ್ರೇಟಿನೊಂದಿಗೆ ಕರಗಿಸಿ ಮತ್ತೆ ಗಟ್ಟಿ ಮಾಡಿದರು. ಫಾಂಡ್ಯೂ ಪಾತ್ರೆಯಲ್ಲಿ ವೈನು ಮಾಡುವ ಕೆಲಸವನ್ನೇ ಆ ಲವಣ ಮಾಡುತ್ತದೆ. ಮೊಮೊದೊಳಗಿನ ಚೀಸ್ ಒಡೆಯದೆ ನುಣುಪಾಗಿ ಕರಗಿರಲು ಕಾರಣ ಅದೇ. ಒಡೆಯರಪಾಳ್ಯದ ಮನೆಗಳಲ್ಲಿ ಮಜ್ಜಿಗೆ ಕಾಯಿಸಿ ಮಾಡುವ ಚುರಾಕ್ಕೆ ಕಾರ್ಖಾನೆಯಾಗಲಿ ಬ್ರ್ಯಾಂಡ್ ಆಗಲಿ ಇಲ್ಲ. ಅದು ಮನೆಯ ಬಳಕೆಗೆ, ಲೋಸಾರ್‌ಗೆ ಮತ್ತು ಹೊರ ಊರಿನಲ್ಲಿರುವ ಮಕ್ಕಳಿಗೆ ಕಟ್ಟಿ ಕಳಿಸುವ ಬುತ್ತಿಗೆ ಆಗುವಷ್ಟೇ ತಯಾರಾಗುತ್ತದೆ.