ಉಡಕ್ಕೆ ಬಲೆ, ಪಾತರಗಿತ್ತಿಗೆ ಪದ

ನಮ್ಮ ಗುಡಗೇರಿಯ ಎರಿಹೊಲದ ಬದುವಿನ ಮೇಲೆ ಉಡವೂ ಪಾತರಗಿತ್ತಿಯೂ ಒಂದೇ ಹೊತ್ತಿಗೆ ಬಿಸಿಲು ಕಾಯುತ್ತವೆ. ಮೈ ಬೆಚ್ಚಗಾಗದೆ ಉಡ ಹುತ್ತ ಬಿಟ್ಟು ಕದಲದು, ಪಾತರಗಿತ್ತಿ ಹಾರದು. ಹೋಲಿಕೆ ಬಹುತೇಕ ಅಲ್ಲಿಗೇ ಮುಗಿಯಿತು. ಉಡದ ಮರಿ ತತ್ತಿಯೊಡೆದು ಬರುವಾಗಲೇ ಪುಟ್ಟ ಉಡ. ಪಾತರಗಿತ್ತಿ ಮೊದಲು ಹುಳುವಾಗಿ ಎಲೆ ಮೇಯ್ದು, ಕೋಶದೊಳಗೆ ಮೈಯನ್ನೇ ಕರಗಿಸಿ ಹೊಸದಾಗಿ ಹುಟ್ಟಬೇಕು. ಒಂದು ಸೀಳುನಾಲಿಗೆಯಿಂದ ವಾಸನೆ ಹಿಡಿದರೆ, ಇನ್ನೊಂದು ಕಾಲಿನಿಂದ ರುಚಿ ನೋಡುತ್ತದೆ.

ಮನುಷ್ಯ ಇವೆರಡನ್ನೂ ನಡೆಸಿಕೊಂಡ ರೀತಿ ಮಾತ್ರ ಬೇರೆ. ಉಡ ಕೆಲಸಕ್ಕೆ ಬಂತು, ಅದೇ ಅದಕ್ಕೆ ಮುಳುವಾಯಿತು. ಮಾಂಸಕ್ಕೆ, ಎಣ್ಣೆಗೆ, ಖಂಜೀರದ ಚರ್ಮಕ್ಕೆ ಅದನ್ನು ಹಿಡಿದರು. 1670ರಲ್ಲಿ ಮರಾಠಾ ಸರದಾರ ತಾನಾಜಿ ಸಿಂಹಗಡದ ಕೋಟೆ ಹತ್ತಿದ್ದು ಉಡಕ್ಕೆ ಹಗ್ಗ ಕಟ್ಟಿ ಎಂದು ಲಾವಣಿಕಾರರು ಹಾಡಿದರು. ಮುಧೋಳದ ಘೋರ್ಪಡೆ ಮನೆತನದ ಹೆಸರಿಗೂ ಇಂಥದೇ ಕೋಟೆಯ ಕಥೆಯಿದೆ. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಆಳೊಬ್ಬನ ಭಾರವನ್ನು ಅದು ತಡೆದೀತೆಂದು ನನಗೆ ನಂಬಿಕೆಯಿಲ್ಲ. ಆದರೆ ಬಿಲದೊಳಗೆ ಮೈ ಉಬ್ಬಿಸಿ ಉಗುರು ಊರಿ ಕುಂತರೆ ಎಳೆದು ತೆಗೆಯುವುದು ಸುಲಭವಲ್ಲ ಎಂಬುದು ನಿಜ.

ಪಾತರಗಿತ್ತಿಯನ್ನು ನಮ್ಮೂರಲ್ಲಿ ಯಾರೂ ಬೇಟೆಯಾಡಲಿಲ್ಲ. ಧಾರವಾಡದ ಬೇಂದ್ರೆಯವರು ಅದರ ರೆಕ್ಕೆಯ ಮೇಲೆ ಪದ ಕಟ್ಟಿದರು, ಮಕ್ಕಳು ಹಾಡಿದರು. ನಮ್ಮಲ್ಲಿ ಹೆಚ್ಚು ಕಾಣುವ ಕಿತ್ತಳೆ ಬಣ್ಣದ್ದಂತೂ ಹುಳುವಾಗಿದ್ದಾಗಲೇ ಎಕ್ಕಿ ಗಿಡದ ವಿಷವನ್ನು ಮೈಗೂಡಿಸಿಕೊಂಡಿರುತ್ತದೆ. ಅದಕ್ಕೇ ಹಕ್ಕಿಗಳು ಸಹ ಅದರ ಗೊಡವೆಗೆ ಹೋಗುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆ ಉಡವೂ ಇದೆ. ಅದನ್ನು ಕೊಂದರೆ ಜೈಲು. ಆದರೂ ಅದರ ಗಂಡಿನ ಜನನಾಂಗವನ್ನು ಒಣಗಿಸಿ, 'ಹತ್ತಾ ಜೋಡಿ' ಬೇರು, ಮನೆಗೆ ಲಕ್ಷ್ಮಿ ಬರುತ್ತಾಳೆ ಎಂದು ಮಾರುವವರು ಇದ್ದಾರೆ.

ಬಲೆಗಿಂತ ದೊಡ್ಡ ಕಂಟಕ ಈಗ ಬದುವಿಗೇ ಬಂದಿದೆ. ಒಂದು ಸಾಲು ಹೆಚ್ಚು ಬಿತ್ತುವ ಆಸೆಗೆ ಜೇಸಿಬಿ ತರಿಸಿ ಹುತ್ತ ಕೆಡವುತ್ತೇವೆ, ಕಳೆಗೆ ಎಣ್ಣಿ ಹೊಡೆದು ಎಕ್ಕಿ ಸುಡುತ್ತೇವೆ. ಹುತ್ತ ಹೋದರೆ ಉಡಕ್ಕೆ ನೆಲೆಯಿಲ್ಲ, ಎಕ್ಕಿ ಹೋದರೆ ಪಾತರಗಿತ್ತಿ ತತ್ತಿಯಿಡಲು ಎಲೆಯಿಲ್ಲ. ಕಾಯ್ದೆಯೂ ಕವಿತೆಯೂ ಆ ಎರಡು ಮೊಳದ ಅಂಚನ್ನು ಕಾಯಲಾರವು, ಹೊಲದವರೇ ಕಾಯಬೇಕು. ನಾನು ನಮ್ಮ ಮನೆಯ ಹುಡುಗರಿಗೆ ಹೇಳುವುದಿಷ್ಟೇ: ಬದು ಮುಟ್ಟಬ್ಯಾಡ್ರಪಾ, ಪಂಚಮಿಗೆ ಹಾಲೆರಿಯಾಕರೆ ಒಂದು ಹುತ್ತ ಬೇಕಲ್ಲ!